ಪದಚರ್ಚೆ: ‘ಡಿಪ್ಲಾಯ್’ಗೆ ಒಂದು ಪದ ಸಾಕಾ, ಎರಡು ಬೇಕಾ?

ಎಲ್ಲರಿಗೂ ನಮಸ್ಕಾರ. ಒಂದು ಪದದಿಂದ ನಮ್ಮ ಟೀಮಿನ ಇಡೀ ದಿನದ ಕೆಲಸ ಹಾಳಾಯಿತು, ಅದಕ್ಕೇ ಇದನ್ನು ಕೇಳುತ್ತಿದ್ದೇನೆ.

ನಾನು ಚಿಂತಾಮಣಿ ಕಡೆಯವಳು, ಕೆಲಸ ಬೆಂಗಳೂರಲ್ಲಿ. ತಾನೇ ಓಡುವ ಕಾರುಗಳಿಗೆ ಮೆಷಿನ್ ಲರ್ನಿಂಗ್ ಮಾಡೆಲ್ (ಚಿತ್ರಗಳನ್ನು ನೋಡಿ ನೋಡಿ ಕಲಿತು ಕಾರು ಓಡಿಸುವ ಪ್ರೋಗ್ರಾಂ) ಹಾಕುವ ಟೀಮಿಗೆ ಲೀಡು. (ಅಪ್ಪನ ಲೆಕ್ಕದಲ್ಲಿ ನಾನು ಮೇಸ್ತ್ರಿ. ಅದೇ ಸರಿಯಾಗಿದೆ, ಲೀಡ್‌ಗೆ ಯಾರೂ ಪದ ಹುಡುಕಬೇಡಿ.) ತಕರಾರಿರುವುದು ‘ಡಿಪ್ಲಾಯ್’ ಮೇಲೆ, ಅಂದರೆ ತಯಾರಾದ ಮಾಡೆಲ್ ಅನ್ನು ಕಾರಿಗೆ ಹಾಕಿ ಕೆಲಸಕ್ಕೆ ಬಿಡುವುದು.

ಟೆಸ್ಟ್ ಟ್ರ್ಯಾಕಿನಲ್ಲಿ ಕಾರು ತಾನಾಗಿ ಓಡಿದರೂ ಸೀಟಲ್ಲಿ ಒಬ್ಬ ಡ್ರೈವರ್ ಇರಲೇಬೇಕು, ಎಡವಟ್ಟಾದರೆ ಸ್ಟೇರಿಂಗ್ ಹಿಡಿಯೋದಕ್ಕೆ. ನಮ್ಮ ಡ್ರೈವರುಗಳು ಮಾಲೂರು, ಕೋಲಾರದ ಕಡೆಯವರು. ಹಾಗಾಗಿ ಬೆಳಗಿನ ಚೀಟಿಯನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ. ಕಳೆದ ತಿಂಗಳು ‘ಹೊಸ ಮಾಡೆಲ್ ಅಳವಡಿಸಲಾಗಿದೆ’ ಅಂತ ಬರೆದೆ. ಅಳವಡಿಸಿದ್ದು ನಿಜ, ಅದು ಕಾರಿನ ಕಂಪ್ಯೂಟರ್ ಒಳಗೆ ಕೂತಿತ್ತು. ಆದರೆ ಸ್ಟೇರಿಂಗು, ಬ್ರೇಕು ಹಳೇ ಮಾಡೆಲ್ ಕೈಯಲ್ಲೇ ಇತ್ತು. ಹೊಸದು ಅದೇ ಕ್ಯಾಮೆರಾದಲ್ಲಿ ಅದೇ ದಾರಿ ನೋಡುತ್ತಾ, ತಾನಾಗಿದ್ದರೆ ಎಲ್ಲಿ ಬ್ರೇಕ್ ಹಾಕುತ್ತಿದ್ದೆ ಅಂತ ಬರೆದಿಡುತ್ತಿತ್ತು ಅಷ್ಟೇ. ಆಫೀಸಲ್ಲಿ ಇದನ್ನು ಶ್ಯಾಡೋ ಮೋಡ್ ಅಂತೀವಿ. ಡ್ರೈವರಣ್ಣ ಪಾಪ, ಹೊಸದನ್ನು ನಂಬೋದು ಹೇಗೆ ಅಂತ ಪ್ರತಿ ತಿರುವಲ್ಲೂ ತಾನೇ ಸ್ಟೇರಿಂಗ್ ಹಿಡಿದಿದ್ದಾನೆ. ಎರಡು ಮಾಡೆಲ್‌ಗಳನ್ನು ಹೋಲಿಸೋದಕ್ಕೆ ಏನೂ ಉಳಿಯಲಿಲ್ಲ. ಸಂಜೆ ಕೇಳಿದರೆ, ‘ಹೊಸಾದು ಹಾಕಿದ್ದೀವಿ ಅಂದ್ರೆ ಹೊಸಾದೇ ಓಡಿಸ್ತಾ ಇದೆ ಅಂತ ತಾನೆ ಮೇಡಂ?’ ಅಂದ. ಅವನ ತಪ್ಪೇನಿದೆ ಹೇಳಿ.

ಸುಮ್ನೆ ನೋಡಿಸೋದು ಯಾಕೆ ಅಂತ ಕೇಳಬಹುದು. ನಮ್ಮೂರಲ್ಲಿ ಸುಗ್ಗಿ ಬಂತೆಂದರೆ ರಾಗಿ ತೆನೆಯನ್ನು ಹುಲ್ಲಿನ ಸಮೇತ ರಸ್ತೆಗೇ ಹರಡುತ್ತಾರೆ, ಓಡಾಡುವ ಗಾಡಿಗಳೇ ಒಕ್ಕಣೆ ಮಾಡಲಿ ಅಂತ. ಬೇರೆ ದೇಶದ ಚಿತ್ರ ನೋಡಿ ಕಲಿತ ಮಾಡೆಲ್‌ಗೆ ಅದು ಗೋಡೆಯೋ ರಸ್ತೆಯೋ ಗೊತ್ತಾಗುವುದಿಲ್ಲ. 2018ರಲ್ಲಿ ಬಂದ ಇಂಡಿಯಾ ಡ್ರೈವಿಂಗ್ ಡೇಟಾಸೆಟ್ ಅನ್ನುವ, ಮಾಡೆಲ್‌ಗಳಿಗೆ ಕಲಿಸುವ ರಸ್ತೆ ಚಿತ್ರಗಳ ಸಂಗ್ರಹದಲ್ಲಿ ಹೈದರಾಬಾದ್, ಬೆಂಗಳೂರು ಸುತ್ತಲಿನ ಸುಮಾರು 10,000 ಚಿತ್ರಗಳಿವೆ, ಆಟೋಗೂ ದನಕರುಗಳಿಗೂ ಗುರುತು ಹಾಕಿದ್ದಾರೆ. ರಾಗಿ ಹುಲ್ಲಿಗೆ ಅಂತ ಗುರುತಿಲ್ಲ. ಇಂಥದ್ದನ್ನೆಲ್ಲ ನೋಡಿ ಎಡವಲಿ, ಆದರೆ ಸ್ಟೇರಿಂಗ್ ಕೈಯಲ್ಲಿ ಇಲ್ಲದಾಗ ಎಡವಲಿ ಅಂತ.

ಈಗ ಪದಗಳಿಗೆ ಬರೋಣ.

‘ನಿಯೋಜನೆ’ ಅಂದರೆ ನನಗೆ ಗಣೇಶನ ಮೆರವಣಿಗೆಗೆ ನಿಂತ ಪೊಲೀಸರೇ ಕಣ್ಮುಂದೆ ಬರುತ್ತಾರೆ. ಬೇಡ. ‘ಇಳಿಸು’ ಚೆನ್ನಾಗಿದೆ, ಹೊಸ ಬಸ್ಸು ರಸ್ತೆಗಿಳಿಯಿತು ಅಂತೀವಲ್ಲ. ಆದರೆ ಗಾಡಿಗೆ ಇಳಿಸಿದ್ದಾ, ಗಾಡಿಯಿಂದ ಇಳಿಸಿದ್ದಾ ಅನ್ನುವ ಗೊಂದಲ. ಜೊತೆಗೆ ಫೈಲ್ ಡೌನ್‌ಲೋಡ್ ಮಾಡುವುದಕ್ಕೂ ಇಳಿಸು ಅಂತಲೇ ಬಳಕೆಗೆ ಬಂದಿದೆ.

ನನಗೆ ಇಷ್ಟವಾದದ್ದು ‘ನಾಟಿ’. ಅಪ್ಪ ಟೊಮೆಟೊ ಸಸಿಯನ್ನು ನರ್ಸರಿಯಿಂದ ಟ್ರೇ ಲೆಕ್ಕದಲ್ಲಿ ತರುತ್ತಾರೆ. ನೆರಳುಪರದೆ ಕೆಳಗೆ ಸುಖವಾಗಿ ಬೆಳೆದದ್ದು ಅದು. ಹೊಲಕ್ಕೆ ಹೋಗುವ ಮುಂಚೆ ಕೆಲವು ದಿನ ನೀರು ಕಡಿಮೆ ಮಾಡಿ, ಬಿಸಿಲು ತೋರಿಸಿ ಗಟ್ಟಿ ಮಾಡುತ್ತಾರೆ. ನಮ್ಮ ಮಾಡೆಲ್ ಕಥೆಯೂ ಅದೇ. ದೊಡ್ಡ ಸರ್ವರುಗಳಲ್ಲಿ ಬೆಳೆದದ್ದನ್ನು ಕಾರಿನ ಪುಟ್ಟ ಕಂಪ್ಯೂಟರಿಗೆ ಹಾಕಬೇಕು. ಮಾಡೆಲ್ ಒಳಗಿನ ಒಂದೊಂದು ಅಂಕಿಗೂ ಕೊಡುವ ಜಾಗವನ್ನು 32 ಬಿಟ್‌ನಿಂದ 8 ಬಿಟ್‌ಗೆ ಇಳಿಸುತ್ತೇವೆ, ಗಾತ್ರ ಕಾಲು ಭಾಗಕ್ಕೆ ಬರುತ್ತದೆ, ಉತ್ತರವೂ ಬೇಗ ಸಿಗುತ್ತದೆ. ಬೇಗ ಸಿಗಲೇಬೇಕು. 60 ಕಿ.ಮೀ. ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಒಂದೂವರೆ ಮೀಟರಿಗಿಂತ ಜಾಸ್ತಿ ಮುಂದೆ ಹೋಗಿಬಿಟ್ಟಿರುತ್ತದೆ.

ಇಷ್ಟೆಲ್ಲ ಹೇಳಿ ‘ನಾಟಿ ಮಾಡೆಲ್’ ಅಂತ ಬೋರ್ಡಲ್ಲಿ ಬರೆದೆ. ಟೀಮಿನ ಹುಡುಗ ಒಬ್ಬ, ‘ಫಾರಂ ಮಾಡೆಲ್‌ಗಿಂತ ರುಚಿ ಜಾಸ್ತಿನಾ ಅಕ್ಕ?’ ಅಂದ. ನಾಟಿ ಕೋಳಿ! ನನಗೆ ತೋಚುವ ಮಟ್ಟಿಗೆ ಆ ನಾಟಿ ‘ನಾಡು’ ಕಡೆಯದು, ಈ ನಾಟಿ ‘ನಾಟು’ ಕಡೆಯದು, ಎರಡೂ ಬೇರೆ. ಆದರೆ ನಗು ಬಂದ ಮೇಲೆ ಪದ ಮುಗಿದ ಹಾಗೆ. (‘ನಾರು’ ಅಂದರೂ ಇದೇ ಪಾಡು. ನಮ್ಮಜ್ಜಿಯ ತೆಲುಗಿನಲ್ಲಿ ಅದು ಸಸಿ, ಕನ್ನಡದಲ್ಲಿ ತೆಂಗಿನ ಸಿಪ್ಪೆಯದ್ದು.)

ಯಾವ ಪದ ಇಟ್ಟರೂ ಒಂದೇ ಪದವಾದರೆ ಡ್ರೈವರಣ್ಣನ ಪ್ರಶ್ನೆ ಹಾಗೇ ಉಳಿಯುತ್ತದೆ. ಗಾಡಿಯೊಳಗೆ ಕೂರಿಸೋದು ಒಂದು ಕೆಲಸ, ಓಡಿಸೋದಕ್ಕೆ ಬಿಡೋದು ಇನ್ನೊಂದು. ಇಂಗ್ಲಿಷಲ್ಲಿ ಎರಡಕ್ಕೂ ಡಿಪ್ಲಾಯ್ ಅಂದು ನಡೆಸಿಬಿಡುತ್ತಾರೆ, ನಾವೂ ಯಾಕೆ ಹಾಗೇ ಮಾಡಬೇಕು? ಹಬ್ಬಕ್ಕೆ ಹೋದಾಗ ಅಪ್ಪನಿಗೆ ಹೇಳಿದೆ. ‘ಹೊಸ ಹೋರೀನ ಮೊದಲು ಗಾಡಿ ಹಿಂದೆ ಕಟ್ಕೊಂಡು ಹೋಗ್ತೀವಿ, ದಾರಿ ನೋಡ್ಲಿ ಅಂತ. ಹೂಡೋದು ಆಮೇಲೆ’ ಅಂದರು.

ಮೊದಲನೆಯದಕ್ಕೆ ‘ಅಳವಡಿಸು’, ಎರಡನೆಯದಕ್ಕೆ ‘ಹೂಡು’ ಅಂತ ಈಗ ಚೀಟಿಯಲ್ಲಿ ಬರೆಯುತ್ತಿದ್ದೇನೆ. ‘ಹಳೇದು ಹೂಡಿದೆ, ಹೊಸದು ಬರೀ ನೋಡುತ್ತಿದೆ.’ ಡ್ರೈವರುಗಳು ಒಪ್ಪಿದ್ದಾರೆ. ಆಫೀಸಿನವರಿಗೆ ಮಾತ್ರ ಹೂಡು ಅಂದರೆ ಬಂಡವಾಳ, ಇಲ್ಲಾ ಕೋರ್ಟಿನ ದಾವೆ. ತುಮಕೂರು, ಪಾವಗಡ ಕಡೆಯವರು ಹೇಳಿ, ನಿಮ್ಮಲ್ಲಿ ಎತ್ತನ್ನು ಗಾಡಿಗೂ ಹೂಡು ಅಂತೀರಾ, ಅಥವಾ ಹೂಡೋದು ನೇಗಿಲಿಗೆ ಮಾತ್ರ, ಗಾಡಿಗೆ ಕಟ್ಟೋದಾ?