ಸಹಾಯ ಬೇಕು: ಕಾಮಿಕ್ಸಿನಲ್ಲಿ ಬಣ್ಣದ ವೇಷದ ಪ್ರವೇಶ ಯಾವ ಪುಟಕ್ಕೆ?

ನಮಸ್ಕಾರ. ನಾನು ಕುಂಬಳೆಯವನು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಹಾಗಾಗಿ ನನ್ನ ಕಾಮಿಕ್ಸಿಗೂ ಯಕ್ಷಗಾನವೇ ವಿಷಯ! ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ತಯಾರಾಗುವುದನ್ನು ಹುಡುಗನೊಬ್ಬ ನೋಡುತ್ತಿದ್ದಾನೆ. ಮುಖಕ್ಕೆ ಚುಟ್ಟಿ (ಅಕ್ಕಿಹಿಟ್ಟಿನ ಬಿಳಿ ಚುಕ್ಕೆ) ಇಡುವ ಬೆರಳು, ಕನ್ನಡಿ, ಹುಡುಗನ ಕಣ್ಣು: ಎಲ್ಲ ಸಣ್ಣ ಚೌಕಗಳು, ಮಾತಿಲ್ಲ. ಆಮೇಲೆ ತೆರೆ ಸರಿಸಿ ವೇಷದ ಅಬ್ಬರ. ಅದನ್ನು ಅದೇ ಪುಟದ ಅಡಿಯಲ್ಲಿಟ್ಟರೆ ಕಣ್ಣು ಮೊದಲು ಅಲ್ಲಿಗೇ ಹಾರುತ್ತದೆ, ಅಲ್ವಾ? ಪುಟ ತಿರುಗಿಸಿದ ಕೂಡಲೇ ಎಡಗಡೆ ಇಡೀ ಪುಟ ಕೊಡೋಣ ಅಂತ ನನ್ನ ಮನಸ್ಸು. ಗೆಳೆಯ ಜಾಸ್ತಿಯಾಯ್ತು ಅನ್ನುತ್ತಾನೆ.

ಇನ್ನೊಂದು ತಲೆನೋವು, ರಂಗಸ್ಥಳದ ಮಾತಿನ ಗುಳ್ಳೆಗಳು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಸಾಲು ಬಿಡಿಸಿದರೆ ಗುಳ್ಳೆ ಊದಿ ಕಿರೀಟವನ್ನೇ ಮುಚ್ಚುತ್ತದೆ. ಮಾತು ಕತ್ತರಿಸಲೋ, ಚೌಕ ಹಿಗ್ಗಿಸಲೋ? ಮುದ್ರಣ ಕಪ್ಪುಬಿಳುಪು. ಪೆನ್ಸಿಲ್ ಕರಡಿನ ಫೋಟೋ ಜೊತೆಗಿದೆ, ಬರೆದು ಅಭ್ಯಾಸ ಇದ್ದವರು ದಯವಿಟ್ಟು ಹೇಳಿ.