ಮಗ ಹಾಫಿಜ್ ಆದ, ಇನ್ನು ಶಾಲೆ ಹೇಗೆ?

ವಿಜಯಪುರ_ಆಟೋ
ಎಲ್ಲರಿಗೂ ಸಲಾಂ, ನಮಸ್ಕಾರ. ವಿಜಯಪುರದಲ್ಲಿ ಆಟೋ ಓಡಿಸುತ್ತೇನೆ. ಮಗನಿಗೆ 13 ವರ್ಷ. ಎರಡನೇ ಕ್ಲಾಸ್ ಆದ ಮೇಲೆ ಶಾಲೆ ಬಿಡಿಸಿ, ಬೇರೆ ಜಿಲ್ಲೆಯ ಒಂದು ಮದರಸಾಕ್ಕೆ ಹಾಕಿದೆ. ಅಲ್ಲೇ ಉಳಿದು ಹಿಫ್ಜ್, ಅಂದರೆ ಇಡೀ ಕುರಾನ್ ಬಾಯಿಪಾಠ, ಮುಗಿಸಿ ಹಾಫಿಜ್ ಆದ. ಕುರಾನಿನ 30 ಪಾರಾ (ಭಾಗ) ಬಾಯಲ್ಲಿವೆ. ಅವನು ಓದುವುದನ್ನು ಕೇಳಿ ಅವನ ಅಜ್ಜಿ ಅತ್ತುಬಿಟ್ಟರು.

ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ನಿಲ್ಲಿಸಿ, ಮುದ್ದೇಬಿಹಾಳ ಬಸ್ ಬಂದರೆ ಕೂಗು ಅಂದೆ. ಬಸ್ ಬಂತು, ಹೋಯಿತು. ಹುಡುಗ ಬೋರ್ಡ್ ನೋಡುತ್ತಲೇ ಇದ್ದ. "ಮು ಗೊತ್ತಾಯ್ತು ಅಬ್ಬಾ, ಮುಂದಿನ ಅಕ್ಷರದ ಕೆಳಗೆ ಏನೋ ಇತ್ತು" ಅಂದ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಗಣಿತ, ಕನ್ನಡ ಸ್ವಲ್ಪ ಕಲಿಸಿ ಅಂತ ಮದರಸಾದಲ್ಲಿ ಕೇಳಿದ್ದೆ. ಅದು ಶಾಲೆಯ ಕೆಲಸ ಅಂದರು. ಒಂದು ರೂಪಾಯಿ ತಗೊಳ್ಳದೆ ಊಟ ಹಾಕಿ ಓದಿಸಿದ್ದಾರೆ, ಆ ಋಣ ಮರೆಯಲ್ಲ. ಆದರೆ ಸರ್ಕಾರ ಇಷ್ಟನ್ನಾದರೂ ಕಡ್ಡಾಯ ಮಾಡಬಾರದಾ? ನಮ್ಮ ಓಣಿಯಲ್ಲಿ ಹೀಗೆ ಕೇಳಿದರೆ, ಸರ್ಕಾರ ಒಳಗೆ ಬಂದರೆ ಬಾಗಿಲೇ ಹಾಕಿಸುತ್ತದೆ ಅಂತಾರೆ. ಹೌದಾ? ನನ್ನ ಮಗನಿಗೆ ಈಗ ದಾರಿ ಏನು?

ಬಾಗಲಕೋಟೆ_ಹುಡುಗ
ಭಾಯಿ, ಆ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಅಸ್ಸಾಂನಲ್ಲಿ 2020ರ ಕಾನೂನಿನಿಂದ ಸರ್ಕಾರಿ ಮದರಸಾಗಳೆಲ್ಲ ಸಾಮಾನ್ಯ ಶಾಲೆಗಳಾದವು. ಉತ್ತರ ಪ್ರದೇಶದಲ್ಲಿ ಮದರಸಾ ಬೋರ್ಡ್ ನಡೆಯುವುದು 2004ರ ಮದರಸಾ ಕಾಯ್ದೆಯಿಂದ, ಅದನ್ನು ಅಲಹಾಬಾದ್ ಹೈಕೋರ್ಟ್ 2024ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಲಕ್ಷಗಟ್ಟಲೆ ಮಕ್ಕಳ ಪಾಡು ಏನು ಅಂತ ಅಪ್ಪ ಅಮ್ಮಂದಿರು ಕಂಗಾಲಾದರು.

ರಾಯಬಾಗ_ಟೀಚರ್
ತಮ್ಮಾ, ಅದು ಅಲ್ಲಿಗೇ ನಿಲ್ಲಲಿಲ್ಲ. 2024ರ ನವೆಂಬರ್ 5ರಂದು ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಉಳಿಸಿತು. ಡಿಗ್ರಿ ಮಟ್ಟದ ಕಾಮಿಲ್, ಫಾಜಿಲ್ ಕೊಡುವುದನ್ನು ಮಾತ್ರ ತೆಗೆದುಹಾಕಿತು. ಮದರಸಾ ನಡೆಸುವ ಹಕ್ಕು ಅಲ್ಪಸಂಖ್ಯಾತರದು, ಆದರೆ ಮಕ್ಕಳ ಕಲಿಕೆ ಹೇಗಿದೆ ಅಂತ ಸರ್ಕಾರ ನೋಡಬಹುದು ಅಂತ ಹೇಳಿತು. ಆಟೋ ಅಣ್ಣ ಕೇಳಿದ್ದೂ ಅದನ್ನೇ ಅಲ್ವಾ?

ಅಣ್ಣಾರೆ, ನಮ್ಮ ರಾಜ್ಯದಲ್ಲಿ ಅಂಥ ಮದರಸಾ ಬೋರ್ಡ್ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಮಾಡಿ ಮದರಸಾ, ವೇದ ಪಾಠಶಾಲೆ ಎರಡನ್ನೂ ಹೊರಗಿಟ್ಟರು. ಹಾಗಂತ ನಿಮ್ಮ ಮಗನ ಹಕ್ಕು ಎಲ್ಲೂ ಹೋಗಿಲ್ಲ. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿಕೊಳ್ಳಬೇಕು, ಹಿಂದುಳಿದ ಪಾಠ ಬೇರೆಯಾಗಿ ಹೇಳಿಕೊಡಬೇಕು ಅಂತ ಅದೇ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ.

ನನ್ನ ಕ್ಲಾಸಿಗೆ ಹೀಗೇ ಒಬ್ಬ ಬಂದಿದ್ದ. ಏಳನೇ ಕ್ಲಾಸಿನಲ್ಲಿ ಕೂತು ಮೂರನೇ ಕ್ಲಾಸಿನ ಪುಸ್ತಕ ಓದುತ್ತಿದ್ದ. 20ರವರೆಗಿನ ಮಗ್ಗಿ ಒಂದೇ ವಾರದಲ್ಲಿ ಒಪ್ಪಿಸಿದ! ಲೆಕ್ಕದಲ್ಲಿ ಎಲ್ಲಿ ಕೂಡಬೇಕು, ಎಲ್ಲಿ ಭಾಗಿಸಬೇಕು ಅಂತ ತಾನೇ ಯೋಚಿಸುವುದಕ್ಕೆ ಮಾತ್ರ ವರ್ಷ ಹಿಡಿಯಿತು. ಅಷ್ಟು ತಾಳ್ಮೆ ನಮಗಿರಬೇಕು.

ಜಮಖಂಡಿ_ಹಾಫಿಜ್
ನಾನು ಎನ್‌ಐಓಎಸ್‌ನಲ್ಲಿ (ಕೇಂದ್ರ ಸರ್ಕಾರದ ಮುಕ್ತ ಶಾಲೆ) ಉರ್ದು ಮಾಧ್ಯಮದಲ್ಲಿ ಹತ್ತನೇ ಪಾಸಾದವನು. 14 ತುಂಬಿದವರು ಸೇರಬಹುದು. ವರ್ಷಕ್ಕೆ 2 ಸಲ ಪರೀಕ್ಷೆ, 5 ವರ್ಷದೊಳಗೆ ಬಿಡಿಬಿಡಿಯಾಗಿ ಬರೆದು ಮುಗಿಸಬಹುದು. ನಾನು ಗಣಿತಕ್ಕೆ 3 ಸಲ ಕೂತೆ. ಮದರಸಾ ಮಕ್ಕಳು ಹೀಗೆ ಪರೀಕ್ಷೆ ಬರೆಯಲಿ ಅಂತ ನಮ್ಮ ಸರ್ಕಾರವೂ 2025ರ ಬಜೆಟ್‌ನಲ್ಲಿ ಕಂಪ್ಯೂಟರ್, ಸ್ಮಾರ್ಟ್ ಬೋರ್ಡ್ ಅಂತ ಹೇಳಿದೆ. ಒಳ್ಳೆಯದೇ. ಆದರೆ ಮೊದಲು ಮೇಷ್ಟ್ರು ಬೇಕು, ಅವರ ಸಂಬಳ ತಿಂಗಳಿಗೆ ಸರಿಯಾಗಿ ಬರಬೇಕು.

ಭಾಯಿ, ನಿಮ್ಮ ಮಗ ಮೊದಲು ಶಾಲೆಗೇ ಹೋಗಲಿ. ನನಗೆ ಸರ್ಟಿಫಿಕೇಟ್ ಸಿಕ್ಕಿತು, ಕನ್ನಡ ಮಾತ್ರ ಅಂಗಡಿ ಬೋರ್ಡ್ ನೋಡಿ ಕಲಿಯಬೇಕಾಯ್ತು. ದೌರ್, ಅಂದರೆ ಬಾಯಿಪಾಠ ಮಾಡಿದ್ದನ್ನು ಮತ್ತೆ ಮತ್ತೆ ಓದುವುದನ್ನು, ಬಿಡಿಸಬೇಡಿ. ಬೆಳಗಿನ ಜಾವದ ಫಜರ್ ನಮಾಜ್ ಆದ ಮೇಲೆ ದಿನಕ್ಕೊಂದು ಪಾರಾ ಓದಿದರೆ ತಿಂಗಳಿಗೊಮ್ಮೆ ಪೂರ್ತಿ ಆಗುತ್ತದೆ.

ವಿಜಯಪುರ_ಆಟೋ
ಟೀಚರ್, ಹಾಫಿಜ್ ಸಾಹೇಬ್, ಎದೆ ಹಗುರಾಯ್ತು. ಮಗನಿಗೂ ಓದಿ ಹೇಳಿದೆ. ಮಗ್ಗಿ 20ರವರೆಗೆ ಮಾತ್ರನಾ ಅಂತ ಕೇಳಿದ. ಸೋಮವಾರ ಗಾಡಿ ನಿಲ್ಲಿಸಿ ಓಣಿಯ ಸರ್ಕಾರಿ ಶಾಲೆಗೆ ಹೋಗುತ್ತೇನೆ. ಹಳೇ ಶಾಲೆಯ ಟಿಸಿ ನನ್ನ ಹತ್ತಿರ ಇಲ್ಲ. ನಡೆಯುತ್ತಾ?

ರಾಯಬಾಗ_ಟೀಚರ್
ಟಿಸಿ ತಡವಾಯ್ತು, ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಧೈರ್ಯವಾಗಿ ಹೋಗಿ. ಹುಡುಗನನ್ನೂ ಕರೆದುಕೊಂಡು ಹೋಗಿ.