ಸಹಾಯ ಬೇಕು: ಮಡಿಕೇರಿ ಹಳೇ ಪೇಟೆಯಲ್ಲಿ ಹೊಸ ಕಟ್ಟಡ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹಳೇ ಪೇಟೆಯಲ್ಲಿ ನಮ್ಮ ಅಜ್ಜನ ಕಾಲದ ಹೆಂಚಿನ ಮನೆ ಇದೆ. ಕೆಳಗೆ ಅಂಗಡಿ, ಮೇಲೆ ವಾಸ. ಈಚೆಗೆ ಸುತ್ತಮುತ್ತಲ ಬೀದಿಗಳಲ್ಲಿ ಎಲ್ಲರೂ ಕೆಡವಿ ಕಟ್ಟುತ್ತಿದ್ದಾರೆ. ನಮ್ಮ ಹಿಂದಿನ ಮಣ್ಣಿನ ಗೋಡೆಯೂ ಹೋದ ಮಳೆಗಾಲದಲ್ಲಿ ಕುಸಿಯಿತು. ಇನ್ನು ಕಟ್ಟಲೇಬೇಕು.

ಒಬ್ಬ ಇಂಜಿನಿಯರ್ ಗಾಜಿನ ಮುಖದ ನಾಲ್ಕಂತಸ್ತಿನ ನಕ್ಷೆ ಕೊಟ್ಟರು. ನೋಡಿ ಸಂಕಟವಾಯಿತು. ನಮ್ಮ ಬೀದಿಯ ಸೂರುಗಳೆಲ್ಲ ಒಂದೇ ಎತ್ತರದಲ್ಲಿವೆ, ಜಗುಲಿಗೆ ಜಗುಲಿ ಸೇರಿಕೊಂಡಿದೆ. ಮಳೆಯಲ್ಲಿ ಬೀದಿ ತುದಿಯವರೆಗೂ ನೆನೆಯದೆ ನಡೆಯಬಹುದು. ಅದನ್ನು ನಾವೇ ಮುರಿಯಬೇಕಾ? ಹಳೇದರ ನಕಲೂ ಬೇಡ. ಇಳಿಜಾರು ಚಾವಣಿ, ಜಗುಲಿ, ಎತ್ತರ ಇಷ್ಟು ಉಳಿಸಿಕೊಂಡು ಒಳಗೆ ಈ ಕಾಲದ ಅನುಕೂಲ ಇದ್ದರೆ ಸಾಕು.

ಇನ್ನೊಂದು ವಿಷಯ. ನಮ್ಮ ಹತ್ತಿರದ ಮಡಿಕೇರಿ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ರಕ್ಷಿತ ಜಾಗದ ಗಡಿಯಿಂದ 100 ಮೀಟರ್ ಒಳಗೆ ಹೊಸದು ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ನಮ್ಮ ಮನೆ ಅನುಮತಿ ಬೇಕಾದ ಆ ಎರಡನೇ ಭಾಗದಲ್ಲಿ ಬರುತ್ತದೆ. ಈ ಅನುಮತಿ ಪಡೆದವರು ಯಾರಾದರೂ ಇದ್ದೀರಾ? ಯಾವ ಕಾಗದ ಕೊಟ್ಟಿರಿ, ಎಷ್ಟು ತಿಂಗಳು ಹಿಡಿಯಿತು?

ಇಂಥ ಜಾಗದಲ್ಲಿ ಕೆಲಸ ಮಾಡಿದ ಆರ್ಕಿಟೆಕ್ಟ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಹಳೇ ಹೆಂಚು, ಬೀಟೆ ಮರದ ಕಂಬ ಬಿಚ್ಚಿ ಮತ್ತೆ ಬಳಸುವ ಮೇಸ್ತ್ರಿಯೂ ಬೇಕು. ಮಳೆ ಶುರುವಾಗುವ ಮೊದಲು ಕಂಬಗಳನ್ನಾದರೂ ಇಳಿಸಿಡಬೇಕು.